ಗದ್ದ ಎತ್ತಿ ಹೇಳಿದ ಮಾತು

“ಇಂಥ ಗಾಳೀಲಿ ಯಾವ ಪುಣ್ಯಾತ್ಮ ಸ್ಕೂಟರ್ ಹತ್ತುತ್ತಾನಪ್ಪಾ?”

ಸಕೆಲ್ಲಾರಿಸ್ ಯಾರನ್ನೂ ಕೇಳಿದ್ದಲ್ಲ. ತನ್ನ ಕಾಫಿ ಅಂಗಡಿಯ ಕುರ್ಚಿಗಳನ್ನು ಹಗ್ಗದಿಂದ ಒಂದಕ್ಕೊಂದು ಬಿಗಿಯುತ್ತ, ಸಮುದ್ರಕ್ಕೆ ಮುಖ ಮಾಡಿ, ತನ್ನ ಪಾಡಿಗೆ ಅಂದದ್ದು. ಆದರೆ ಪಕ್ಕದ ಬಾಗಿಲಲ್ಲಿ ಹದಿನಾಲ್ಕು ಸ್ಕೂಟರುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಕೂತಿದ್ದ ನನಗೆ ಅದು ಚುಚ್ಚಿತು. ಗಂಡ ತೀರಿಕೊಂಡ ಮೇಲೆ ಈ ಸ್ಕೂಟರ್ ಬಾಡಿಗೆ ಅಂಗಡಿ ನಡೆಸುತ್ತಿರುವವಳು ನಾನು, ಸೆವಾಸ್ತಿ. ಆಗಸ್ಟಿನಲ್ಲಿ ನಮ್ಮ ಗ್ರೀಕ್ ದ್ವೀಪಗಳ ಮೇಲೆ ಉತ್ತರದಿಂದ ಬೀಸುವ ಮೆಲ್ಟೆಮಿ ಗಾಳಿ ಎದ್ದು ಐದು ದಿನವಾಗಿತ್ತು. ಐದು ದಿನದಿಂದ ಒಂದು ಸ್ಕೂಟರೂ ಜಾಗ ಬಿಟ್ಟು ಕದಲಿರಲಿಲ್ಲ.

“ನಿನ್ನ ಕಾಫಿ ಕುಡಿಯೋ ಧೈರ್ಯ ಇರೋರು ಗಾಳಿಗೆ ಹೆದರ್ತಾರಾ?” ಅಂದೆ.

“ಹೊಟ್ಟೆಗೆ ಉಪವಾಸ, ನಾಲಿಗೆಗೆ ಮಾತ್ರ ಹಬ್ಬದೂಟ ನೋಡು ನಿಂಗೆ,” ಎಂದು ನಕ್ಕ.

ಉಪವಾಸದ ಹದಿನಾಲ್ಕನೆಯ ದಿನ ಅದು. ಮರುದಿನ ದೇವಮಾತೆಯ ಹಬ್ಬ. ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟದೆ, ಸಂಜೆ ಸಂಜೆ ಇಗರ್ಜಿಯ ಎಡಗಡೆಯ ಕಂಬಕ್ಕೆ ಒರಗಿ ನಿಂತು ಸ್ತುತಿಗಳನ್ನು ಕೇಳಿ, ಹಬ್ಬದ ಬೆಳಿಗ್ಗೆ ಪರಮಪ್ರಸಾದ ಸ್ವೀಕರಿಸುವುದು ನಾನು ಏಳು ವರ್ಷದವಳಿದ್ದಾಗಿನಿಂದ ತಪ್ಪಿಸದ ನೇಮ. ನಾನು ಹಾಡಿದವಳಲ್ಲ, ಕೇಳಿದವಳು. ಅಕ್ಷರ ಬಾರದ ನನ್ನಜ್ಜಿ ಹಿಟ್ಟು ನಾದುವಾಗಲೂ ಎರಡೆರಡು ಸಾಲಿನ ಪದ್ಯ ಕಟ್ಟುತ್ತಿದ್ದಳು. ಕೇಳಿ ಕೇಳಿ ಅವೆಲ್ಲ ನನ್ನೊಳಗೇ ಉಳಿದಿವೆ.

ಒಂಬತ್ತಕ್ಕೆ ಬಿಳಿಯ ಹಡಗು ಕೊಲ್ಲಿಯ ಬಾಯಲ್ಲಿ ನಿಂತಿತು. ಸಣ್ಣ ದೋಣಿಗಳು ಜನರನ್ನು ತಂದು ಕಟ್ಟೆಗೆ ಸುರಿದವು. ಸಂಜೆ ಐದಕ್ಕೆ ಹಡಗು ಹೊರಡುತ್ತದೆ. ಅಷ್ಟರೊಳಗೆ ಅವರಿಗೆ ದ್ವೀಪವೆಲ್ಲ ನೋಡಿ ಮುಗಿಯಬೇಕು. ಹೆಚ್ಚಿನವರು ಗಾಳಿಗೆ ಟೋಪಿ ಹಿಡಿದುಕೊಂಡು ಮೀನಿನ ಹೋಟೆಲುಗಳಿಗೆ ನುಗ್ಗಿದರು. ನನ್ನ ಬಾಗಿಲಿಗೆ ಬಂದದ್ದು ಒಬ್ಬಳೇ ಒಬ್ಬಳು.

ಎತ್ತರದ ಹೆಂಗಸು, ನನ್ನದೇ ವಯಸ್ಸು, ಗಂಡಸರ ಹಾಗೆ ಕತ್ತರಿಸಿದ ನರೆಗೂದಲು. ಲೈಸೆನ್ಸಿನಲ್ಲಿ ತಿನೆಕೆ ಎಂದಿತ್ತು; ಹಾಲೆಂಡಿನವಳು. ಬ್ರೇಕುಗಳನ್ನು ತಾನೇ ಒತ್ತಿ ನೋಡಿ, ಟೈರು ಒದ್ದು ನೋಡಿದಳು. ಆಮೇಲೆ ನಕ್ಷೆ ಬಿಡಿಸಿ ಉತ್ತರದ ತುದಿಯ ಚಿಕ್ಕ ಗುಡಿಯ ಮೇಲೆ ಬೆರಳಿಟ್ಟಳು. ತುಟಿ ಮುಂದೆ ಮಾಡಿ ಊದಿ ತೋರಿಸಿ, ಕೈಯನ್ನು ವಾಲಿಸಿ, “ಗಾಳಿ... ರಸ್ತೆ... ಓಕೆ?” ಎಂದಳು.

ಆ ರಸ್ತೆ ನನಗೆ ಗೊತ್ತು. ಎರಡು ಗುಡ್ಡಗಳ ನಡುವಿನ ಕಣಿವೆಯ ಬಾಯಲ್ಲಿ ಮೆಲ್ಟೆಮಿ ಮೇಕೆಗಳನ್ನೂ ಎತ್ತಿ ಒಗೆಯುತ್ತದೆ.

ನಾನು ಗದ್ದ ಎತ್ತಿದೆ, ಹುಬ್ಬೇರಿಸಿದೆ, ನಾಲಿಗೆಯಿಂದ ‘ಚ್’ ಎಂದೆ. ನಮ್ಮಲ್ಲಿ ಮಗು ಮಾತು ಕಲಿಯುವ ಮೊದಲೇ ‘ಬೇಡ’ ಎನ್ನುವುದನ್ನು ಹೀಗೆ ಕಲಿಯುತ್ತದೆ.

ಅವಳ ಮುಖ ಅರಳಿತು. “ಓಕೆ!” ಎಂದು ಹೆಬ್ಬೆರಳು ಎತ್ತಿದಳು.

ಪರದೇಶದವರು ಮೇಲೆತ್ತಿದ ತಲೆಯನ್ನು ಹೌದು ಎಂದುಕೊಳ್ಳುತ್ತಾರೆ. ಇದು ನನಗೆ ಗೊತ್ತಿಲ್ಲವೆ? ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲೇ ಗಂಡ ಕಲಿಸಿದ್ದ: “ಅವರ ಹತ್ರ ತಲೆ ಅಡ್ಡಡ್ಡ ಆಡಿಸು ಮಾರಾಯ್ತಿ, ಇಲ್ದಿದ್ರೆ ನಿನ್ನ ‘ಬೇಡ’ ಅವರಿಗೆ ‘ದಮ್ಮಯ್ಯ ಹೋಗಿ’ ಅಂತ ಕೇಳ್ಸುತ್ತೆ.” ಮೂವತ್ತು ವರ್ಷ ಹಾಗೆಯೇ ಮಾಡಿದ್ದೆ. ಆ ಬೆಳಿಗ್ಗೆ ಕುತ್ತಿಗೆ ಅಡ್ಡ ತಿರುಗಲಿಲ್ಲ. ತಿರುಗಿಸಿದ್ದರೆ ಅವಳು ನಕ್ಷೆ ಮಡಿಸಿಕೊಂಡು ಮೀನಿನ ಹೋಟೆಲಿಗೆ ಹೋಗುತ್ತಿದ್ದಳು. ಐದು ದಿನದಲ್ಲಿ ಬಂದ ಮೊದಲ ಗಿರಾಕಿ. ನಾನು ಬೇಡ ಎಂದೆನಲ್ಲ, ದೇವಮಾತೆಗೆ ನಮ್ಮ ಭಾಷೆ ಬರುತ್ತದಲ್ಲ, ಎಂದುಕೊಂಡೆ. ಅವಳ ಹೆಲ್ಮೆಟ್ಟಿನ ಪಟ್ಟಿಯನ್ನು ನನ್ನ ಕೈಯಾರೆ ಬಿಗಿದೆ.

ನಾಲ್ಕಾಯಿತು. ನಾಲ್ಕೂವರೆಯಾಯಿತು. ದೋಣಿಗಳು ಜನರನ್ನು ತುಂಬಿಕೊಂಡು ಹಿಂದಕ್ಕೆ ಹೊರಟವು. ಹಡಗು ಎರಡು ಸಲ ಕೂಗಿತು. ಸಕೆಲ್ಲಾರಿಸ್ ತಮಾಷೆ ನಿಲ್ಲಿಸಿ ನನ್ನ ಪಕ್ಕ ಬಂದು ನಿಂತ. ಕೊನೆಯ ದೋಣಿ ಬಿಡುವಾಗ ಹಡಗಿನವರು ತಿನೆಕೆಯ ಒಂದು ಪೆಟ್ಟಿಗೆಯನ್ನು ತಂದು ಕಟ್ಟೆಯ ಮೇಲಿಟ್ಟು ಹೋದರು. ಅಷ್ಟು ಹೊತ್ತಿಗೆ ಮೇಕೆ ಕಾಯುವವನೊಬ್ಬನ ಪಿಕಪ್ ಉತ್ತರದಿಂದ ಇಳಿದು ಬಂತು. ಹಿಂದೆ ಹುಲ್ಲಿನ ಹೊರೆಗಳ ನಡುವೆ ನನ್ನ ಸ್ಕೂಟರ್, ಮುಂದಿನ ಚಕ್ರ ಸೊಟ್ಟ. ಮುಂದೆ ಅವಳು. ಒಂದು ಕೆನ್ನೆ ಪೂರ್ತಿ ತರಚಿತ್ತು; ಬಲಗೈಯನ್ನು ಎಡಗೈ ಎತ್ತಿ ಹಿಡಿದಿತ್ತು.

ಆಸ್ಪತ್ರೆಯ ತನಕ ಅರ್ಧ ಊರು ಹಿಂದೆ ನಡೆಯಿತು. ದಾರಿಯುದ್ದಕ್ಕೂ ಸಕೆಲ್ಲಾರಿಸ್ ನನ್ನ ಪರ ವಾದ ಹೂಡಿದ್ದ.

“ಇವಳದ್ದೇನೂ ತಪ್ಪಿಲ್ಲ ಕಣ್ರೋ! ನಾನೇ ಕಣ್ಣಾರೆ ನೋಡ್ದೆ. ‘ಚ್’ ಅಂತ ತಲೆ ಎತ್ತಿದ್ಳು. ನಮ್ಮೂರ ಕತ್ತೆಗೂ ಗೊತ್ತಾಗುತ್ತೆ ಅದು. ಆ ಯಮ್ಮ ಹೆಬ್ಬೆರಳು ತೋರಿಸ್ಕೊಂಡು ಹೋದ್ಳು!”

ಜನ ನಕ್ಕರು. ನಾನೂ ನಕ್ಕೆ.

ಸಂಜೆ ಇಗರ್ಜಿಯಲ್ಲಿ ದೇವಮಾತೆಯ ಪಟದ ಸುತ್ತ ಹೂ ಕಟ್ಟಿದ್ದರು. ಹಾಡುವವರ ಧ್ವನಿ ಒಬ್ಬರಿಂದೊಬ್ಬರಿಗೆ ದಾಟುತ್ತಿತ್ತು. ಆದರೆ ನನ್ನ ಕಿವಿಗೆ ಬಿದ್ದದ್ದು ಅಜ್ಜಿಯ ಎರಡು ಸಾಲು:

ಬಾಯೊಳಗೆ ನುಂಗಿದ ಮಾತು ಎದೆಯೊಳಗೆ ಮುಳ್ಳು,
ತಾಯೆದುರು ನಿಂತಾಗ ನಾಲಗೆಯೇ ಕಲ್ಲು.

ಪ್ರಾರ್ಥನೆ ಮುಗಿದ ಮೇಲೆ ಪಾದ್ರಿ ಯಾಕೊವೊಸರನ್ನು ಹಿಂಬಾಗಿಲ ಬಳಿ ಹಿಡಿದು ಎಲ್ಲವನ್ನೂ ಹೇಳಿದೆ. ಅವರು ದೀಪ ಆರಿಸುವ ಕೋಲನ್ನು ಗೋಡೆಗೆ ಒರಗಿಸಿದರು.

“ನಂಗ್ಯಾಕೆ ಹೇಳ್ತೀಯಮ್ಮ? ಬಿದ್ದದ್ದು ನಾನಾ?”

“ನಾಳೆ ಪ್ರಸಾದ...”

“ಅವಳ ಹತ್ರ ಹೋಗು. ಕ್ಷಮಿಸಿದೀನಿ ಅಂತ ಅವಳು ಒಂದ್ ಮಾತು ಅಂದ್ರೆ ನಾಳೆ ಎಲ್ಲರಿಗಿಂತ ಮುಂದೆ ನಿಂತ್ಕೋ. ಅನ್ಲಿಲ್ವೋ, ಕಂಬಕ್ಕೆ ಒರಗಿ ಕೇಳಿಸ್ಕೊಂಡು ಮನೆಗೆ ಹೋಗು.”

ಎಣ್ಣೆ ಹಾಕದ ಬೇಳೆ ಸಾರನ್ನು ಪಾತ್ರೆಯಲ್ಲಿ ತುಂಬಿಕೊಂಡು ಆಸ್ಪತ್ರೆಗೆ ಹೋದೆ. ಹೆಜ್ಜೆ ಹಗುರವಾಗಿತ್ತು ಎನ್ನಲು ನಾಚಿಕೆಯಾಗುತ್ತದೆ. ಹಬ್ಬದ ಹಿಂದಿನ ಸಂಜೆ ನಮ್ಮಲ್ಲಿ ‘ನನ್ನನ್ನು ಕ್ಷಮಿಸಿ’ ಎಂದವರಿಗೆ ಸಿಗುವ ಉತ್ತರ ಒಂದೇ: ‘ದೇವರು ಕ್ಷಮಿಸಲಿ.’ ಗಡಿಗಲ್ಲಿಗಾಗಿ ಕೊಡಲಿ ಎತ್ತಿದ ಅಣ್ಣತಮ್ಮಂದಿರೂ ಅದನ್ನೇ ಹೇಳಿ ಕೈ ಹಿಡಿಯುತ್ತಾರೆ. ಬೇರೆ ಉತ್ತರವನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಕೇಳುವುದೊಂದೇ ಕಷ್ಟ, ಉತ್ತರ ಹೇಗೂ ಬರುತ್ತದೆ ಎಂದುಕೊಂಡೇ ಮೆಟ್ಟಿಲು ಹತ್ತಿದೆ.

ತಿನೆಕೆ ದಿಂಬಿಗೆ ಒರಗಿ ಕೂತಿದ್ದಳು. ಕತ್ತಿನ ಕೆಳಗಿನ ಮೂಳೆ ಮುರಿದಿದೆ, ಕೈಯನ್ನು ಎದೆಗೆ ಕಟ್ಟಿದ್ದೇನೆ ಎಂದಳು ಡಾಕ್ಟರ್ ಎವಾಂತಿಯಾ, ನಗರದಿಂದ ಬಂದ ಚಿಕ್ಕ ಪ್ರಾಯದ ಹುಡುಗಿ. ನನ್ನನ್ನು ಕಂಡದ್ದೇ ತಿನೆಕೆ ಏನೋ ಬಡಬಡನೆ ಹೇಳಿದಳು. ಡಾಕ್ಟರ್ ನಮ್ಮ ಮಾತಿಗೆ ತಿರುಗಿಸಿದಳು.

“ಅಮ್ಮಾ, ಇವರು ನಿಮ್ಮ ಹತ್ರ ಕ್ಷಮೆ ಕೇಳ್ತಿದಾರೆ. ನಿಮ್ಮ ‘ಚ್’ ಅಂದ್ರೆ ಬೇಡ ಅಂತ ಆಗ ಗೊತ್ತಾಗ್ಲಿಲ್ವಂತೆ, ಜನ ಆಡ್ಕೊಂಡದ್ದನ್ನ ನಾನು ಹೇಳಿದ ಮೇಲೇ ತಿಳೀತಂತೆ. ನೀವು ಎಚ್ಚರಿಸಿದ್ರೂ ತಾನು ಅವಿವೇಕಿ ಥರ ಹೋದೆ, ನಿಮ್ಮ ಸ್ಕೂಟರನ್ನೂ ಹಾಳು ಮಾಡ್ದೆ ಅಂತ.”

ಸಾರಿನ ಪಾತ್ರೆ ಕೈಯಲ್ಲೇ ಇತ್ತು. ಅವಳ ಕ್ಷಮೆ ತೆಗೆದುಕೊಂಡು, ಕೆನ್ನೆ ಸವರಿ ಮನೆಗೆ ಬಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಗಳಿಗೆ ಹಾಗೆಯೇ ಮಾಡೋಣ ಎನಿಸಿದ್ದೂ ಹೌದು.

“ಇವರಿಗೆ ಹೇಳಮ್ಮ,” ಎಂದೆ. “ಇವರು ತಪ್ಪು ತಿಳ್ಕೊಂಡದ್ದು ಆವಾಗ್ಲೇ ನನಗೆ ಗೊತ್ತಾಯ್ತು. ಹೆಬ್ಬೆರಳು ಎತ್ತಿದ್ದನ್ನ ನೋಡ್ದೆ. ಗಿರಾಕಿ ಹೋಗ್ಬಾರ್ದು ಅಂತ ಸುಮ್ನಿದ್ದೆ.”

ಡಾಕ್ಟರ್ ಕಣ್ಣು ದೊಡ್ಡದು ಮಾಡಿದಳು. “ಇದನ್ನ ನಾನು ಹೇಳ್ಬೇಕಾ?”

“ಒಂದಕ್ಷರ ಬಿಡದೆ ಹೇಳು.”

ಹೇಳಿದಳು. ತಿನೆಕೆ ಕೇಳುತ್ತ ಕೇಳುತ್ತ ನನ್ನಿಂದ ಕಣ್ಣು ತೆಗೆಯಲಿಲ್ಲ. ಮುಖದಲ್ಲಿದ್ದ ಅಳುಕು ಹೊರಟುಹೋಯಿತು. ಅದರ ಜಾಗಕ್ಕೆ ಬಂದದ್ದನ್ನು ನೋಡಲಾರದೆ ನಾನು ನೆಲ ನೋಡಿದೆ. ಅವಳು ನಿಧಾನಕ್ಕೆ ಮಾತಾಡಿದಳು, ಡಾಕ್ಟರ್ ಅಷ್ಟೇ ನಿಧಾನಕ್ಕೆ ನನಗೆ ದಾಟಿಸಿದಳು.

“ಭಯ ಆಗಿತ್ತು, ಅದಕ್ಕೇ ನಿಮ್ಮನ್ನ ಕೇಳಿದ್ದು ಅಂತಾರೆ. ಕಣಿವೆ ಹತ್ರ ಗಾಳಿ ತಳ್ಳಿದಾಗ ಎರಡು ಸಲ ವಾಪಸ್ಸು ತಿರುಗೋಣ ಅನ್ಕೊಂಡ್ರಂತೆ. ‘ಈ ಊರವಳು, ಗೊತ್ತಿರೋಳು, ಹೋಗು ಅಂದಿದಾಳಲ್ಲ’ ಅಂತ ಮುಂದಕ್ಕೆ ಹೋದ್ರಂತೆ.”

ನಾನು ಪಾತ್ರೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಮಂಚದ ಪಕ್ಕ ಮಂಡಿಯೂರಿದೆ.

“ನನ್ನನ್ನು ಕ್ಷಮಿಸಿ,” ಎಂದೆ.

ಡಾಕ್ಟರ್ ಅದನ್ನು ಹೇಳಿದಳು. ತಿನೆಕೆಯ ಉತ್ತರ ಚಿಕ್ಕದಾಗಿತ್ತು. ಡಾಕ್ಟರ್ ಹಿಂದೆಮುಂದೆ ನೋಡಿದಳು. ನಾನು ತಲೆ ಎತ್ತದೆ ಕಾದೆ.

“ಇಲ್ಲ ಅಂತಾರಮ್ಮ,” ಎಂದಳು. “ಕ್ಷಮಿಸಲ್ಲ ಅಂತಾರೆ.”