ಒರಿಜಿನಲ್ ಪೀಸ್

“ಫ್ರಿಜ್ ಆರ್ಸಿದೀಯೇನೇ?”

ಶಾಮಣ್ಣನವರು ಮೇಜಿನ ಅಡಿಯಿಂದಲೇ ಕೂಗಿದರು. ಅವರ ಪಾದಗಳಷ್ಟೇ ಹೊರಗೆ ಕಾಣುತ್ತಿದ್ದವು.

“ಬೆಳಗ್ಗೇನೇ ಆರ್ಸಾಯ್ತು. ಹಾಲೂ ಒಡೀತು,” ಎಂದು ಅಡುಗೆಮನೆಯಿಂದ ಹೆಂಡತಿ ಸುಬ್ಬಲಕ್ಷ್ಮಿಯ ಉತ್ತರ ಬಂತು. “ದೇವರ ಮುಂದೆ ದೀಪ ಒಂದು ಉರೀತಿದೆ. ಅದನ್ನೂ ಆರ್ಸಲೇನು?”

“ಅದು ಎಣ್ಣೇದು ಕಣೇ!”

ಮೇ ತಿಂಗಳ ಸಾಂತಾಕ್ರೂಜ್. ನಿಂತ ಫ್ಯಾನಿನ ಕೆಳಗೆ ನೀಲಕಂಠಪ್ಪನವರು ಕುಳಿತು ತಾವೇ ತಂದಿದ್ದ ಹಾಳೆಗಳ ಕಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಬೈಕುಲ್ಲಾದಲ್ಲಿ ಅವರದೊಂದು ಪ್ರೆಸ್ಸು. ಉಪನಗರಗಳ ವರ್ತಕರ ಡೈರೆಕ್ಟರಿಯನ್ನು ಕಂಪ್ಯೂಟರಿಗೆ ಏರಿಸುವವರು ಅವರಿಗೆ ಬೇಕಾಗಿದ್ದರು. ಮನೆಯಲ್ಲೇ ಕುಳಿತು ಮಾಡುವ ಕೆಲಸ; ಯಾರೊಂದಿಗೂ ಮಾತಾಡಬೇಕಾಗಿಲ್ಲ. ಪ್ರತಿ ಇಂಟರ್‌ವ್ಯೂನಲ್ಲೂ ತನ್ನ ಹೆಸರು ಹೇಳುವಷ್ಟರಲ್ಲೇ ಮಾತು ತಡವರಿಸಿ ವಾಪಸ್ಸಾಗಿದ್ದ ಶಾಮಣ್ಣನವರ ಮಗಳು ಕೌಸಲ್ಯಾಳಿಗೆ, ಈ ಕೆಲಸ ತನ್ನನ್ನೇ ಹುಡುಕಿಕೊಂಡು ಬಂದಂತೆ ಅನ್ನಿಸಿತ್ತು. ಇಂದು ನೀಲಕಂಠಪ್ಪನವರು ಈ ಮನೆಯ ಮಷೀನು ಓಡುವುದನ್ನು ಕಣ್ಣಾರೆ ಕಂಡರೆ ಕೆಲಸ ಅವಳದು.

ಮಷೀನು ಮಾತ್ರ ಓಡುತ್ತಿರಲಿಲ್ಲ.

ಶಾಮಣ್ಣನವರು ಇಲೆಕ್ಟ್ರಿಕಲ್ ಸಾಮಾನಿನ ಕಂಪನಿಯೊಂದರಲ್ಲಿದ್ದು ರಿಟೈರಾದವರು. ಆಫೀಸಿಗೆ ಹೊಸ ಕಂಪ್ಯೂಟರುಗಳು ಬಂದಾಗ, ಅಮೆರಿಕದಿಂದ ತರಿಸಿದ್ದ ಹಳೆಯದನ್ನು ಕೇಳಿ ಪಡೆದಿದ್ದರು. ಟ್ಯಾಕ್ಸಿಯಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಎರಡು ಫ್ಲಾಪಿಗಳ ಮೇಲೆ ಅದು ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಇಡೀ ಡೈರೆಕ್ಟರಿ ಫ್ಲಾಪಿಯಲ್ಲಿ ಹಿಡಿಸುವಂಥದಲ್ಲ. ಗ್ರಾಂಟ್ ರೋಡಿನ ಅಂಗಡಿಯಿಂದ ಹಾರ್ಡ್ ಡಿಸ್ಕ್ ತಂದು ಒಳಗೆ ಕೂಡಿಸಿದ್ದಾಯಿತು. ಅಂದಿನಿಂದ ಸ್ವಿಚ್ ಒತ್ತಿದರೆ ಡಿಸ್ಕು ಗುಂಯ್ ಎಂದು ಏರುತ್ತದೆ, ಟಿಕ್ ಎನ್ನುತ್ತದೆ, ಮಷೀನು ಪೂರ್ತಿ ಸತ್ತುಹೋಗುತ್ತದೆ.

ಮಷೀನಿನ ಹಿಂಭಾಗದಲ್ಲಿದ್ದು ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಪವರ್ ಸಪ್ಲೈ ಡಬ್ಬಿ ಇದಕ್ಕೆ ಸಾಲದು, ದೊಡ್ಡದು ಹಾಕಿಸಿ ಎಂದು ಅಂಗಡಿಯವನು ಅಂದೇ ಹೇಳಿದ್ದ. ಶಾಮಣ್ಣನವರು ದಾರಿಯುದ್ದಕ್ಕೂ ಉರಿದಿದ್ದರು. “ಒರಿಜಿನಲ್ ಪೀಸ್ ಕಿತ್ತು ಅವನ ಲೋಕಲ್ ಡಬ್ಬಾ ಹಾಕ್ತಾನಂತೆ! ಸರ್ವಿಸ್ ಪೂರ್ತಿ ಲೋಡ್ ಲೆಕ್ಕ ಹಾಕಿದವನು ನಾನು.” ಅವರ ಲೆಕ್ಕದಲ್ಲಿ ತಪ್ಪು ಮನೆಯ ಕರೆಂಟಿನದು. ಸ್ಟೆಬಿಲೈಸರ್ ಬಂತು. ಕಂಪ್ಯೂಟರ್ ಹಚ್ಚಿದಾಗ ಮಿಕ್ಸಿ ನಿಷಿದ್ಧವಾಯಿತು. ಆಮೇಲೆ ಇಸ್ತ್ರಿ, ಫ್ರಿಜ್ಜು, ಕೊನೆಗೆ ಫ್ಯಾನು. ಬಾಗಿಲ ಬೆಲ್ಲನ್ನೂ ಕಳಚಿಟ್ಟಿದ್ದರು.

ಒಂದು ಮಧ್ಯಾಹ್ನ ಅಪ್ಪ ಮಲಗಿದ್ದಾಗ ಕೌಸಲ್ಯಾ ಆ ಡಬ್ಬಿಯ ಮೇಲೆ ಆಯುಧಪೂಜೆಯಲ್ಲಿ ಹಚ್ಚಿ ಒಣಗಿದ್ದ ಗಂಧವನ್ನು ಉಗುರಿನಿಂದ ಕೆರೆದು ನೋಡಿದ್ದಳು. ಕೆಳಗೆ ಅರವತ್ತಮೂರು ವ್ಯಾಟ್ ಎಂದಿತ್ತು. ಮನೆಯ ಬಲ್ಬಿನಷ್ಟು. ಡಿಸ್ಕು ತಿರುಗಲು ಶುರುಮಾಡುವ ಗಳಿಗೆಯಲ್ಲಿ ಎಳೆಯುವ ಶಕ್ತಿಯನ್ನು ಅದು ಎಲ್ಲಿಂದ ತರಬೇಕು? ಅವರು ಎದ್ದ ಮೇಲೆ “ಅಪ್ಪಾ, ಆ ಡಬ್ಬೀಲಿ...” ಎಂದು ಶುರುಮಾಡಿದ್ದಳು. “ನೀನು ಟೈಪಿಂಗ್ ನೋಡ್ಕೋಮ್ಮ,” ಎಂದಿದ್ದರು.

“ಹೂಂ, ಈಗ ಒತ್ತು,” ಎಂದು ಶಾಮಣ್ಣನವರು ಮೇಜಿನಡಿಯಿಂದ ಎದ್ದರು.

ಮಷೀನಿನ ಮುಂದೆ ಕುಳಿತಿದ್ದ ಕೌಸಲ್ಯಾ ಸ್ವಿಚ್ ಒತ್ತಿದಳು. ಗುಂಯ್. ಟಿಕ್.

ನೀಲಕಂಠಪ್ಪನವರು ಕುತ್ತಿಗೆಯ ಬೆವರೊರೆಸಿಕೊಂಡರು. “ಶಾಮಣ್ಣಾರ, ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ಮಷೀನ್ ನಡೀಬೇಕಂದ್ರ ಬಿಲ್ಡಿಂಗ್‌ನ್ಯಾಗಿನ ಮಂದಿ ಎಲ್ಲಾ ಊರಿಗೆ ಹೋಗಬೇಕೇನ್ರಿ?”

“ಮೇಲಿನ ಮನೆಯವರು ಗೀಸರ್ ಹಾಕಿರ್ತಾರೆ. ಅದೇ ಎಳೀತಿದೆ. ಎರಡೇ ನಿಮಿಷ ಕೂತ್ಕೊಳ್ಳಿ, ಆರ್ಸೋಕೆ ಹೇಳಿ ಬರ್ತೀನಿ.”

“ಈ ಶೆಕಿಯೊಳಗ ಗೀಸರ್ ಯಾಕ ಹಾಕ್ತಾರ್ರೀ?”

ಅಷ್ಟರಲ್ಲಿ ಶಾಮಣ್ಣನವರು ಚಪ್ಪಲಿಯೂ ಇಲ್ಲದೆ ಮೆಟ್ಟಿಲೇರುತ್ತಿದ್ದರು. ನೀಲಕಂಠಪ್ಪನವರು ಹಾಳೆಗಳನ್ನು ಸುತ್ತಿ ಎದ್ದು ನಿಂತರು. “ತಂಗಿ, ತಪ್ಪು ತಿಳೀಬ್ಯಾಡ. ದಾದರ್‌ನ್ಯಾಗ ಒಬ್ರು ಮಾಡ್ಕೊಡ್ತೀನಂದಾರ. ಅಪ್ಪಾರಿಗೆ ಹೇಳಿಬಿಡು.”

ಕೌಸಲ್ಯಾ ಬಾಗಿಲ ಕಡೆ ನೋಡಿದಳು. ಈ ಮನುಷ್ಯ ಬಾಗಿಲು ದಾಟುತ್ತಾನೆ, ಅಪ್ಪ ಇಳಿದು ಬಂದು ಎದುರುಮನೆಯ ಟಿ.ವಿ.ಯ ಮೇಲೆ ತಪ್ಪು ಹೊರಿಸುತ್ತಾರೆ, ತಾನು ನಾಳೆಯೂ ಇದೇ ಸೆಕೆಯಲ್ಲಿ ಇದೇ ಕಪ್ಪು ಪರದೆಯ ಮುಂದೆ ಕುಳಿತಿರುತ್ತೇನೆ. ಅವಳು ತಟ್ಟನೆ ಬಗ್ಗಿ, ತೆರೆದೇ ಇದ್ದ ಮಷೀನಿನೊಳಗೆ ಕೈಹಾಕಿ ಡಿಸ್ಕಿಗೆ ಹೋಗುವ ಕರೆಂಟಿನ ವೈರು ಕಿತ್ತಳು. ಫ್ಲಾಪಿ ಹಾಕಿ ಸ್ವಿಚ್ ಒತ್ತಿದಳು. ಪರದೆಯ ಮೇಲೆ ಹಸಿರು ಅಕ್ಷರಗಳು ಬಂದವು.

ಎದ್ದು ಫ್ಯಾನ್ ಹಾಕಿದಳು. ಫ್ರಿಜ್ ಹಾಕಿದಳು. ಇಸ್ತ್ರಿಪೆಟ್ಟಿಗೆಯನ್ನು ಸಿಕ್ಕಿಸಿ ನಿಲ್ಲಿಸಿದಳು.

“ಅಮ್ಮಾ, ಮಿಕ್ಸಿ ಹಾಕು.”

“ಏನಂದೆ?”

“ಮಿಕ್ಸಿ ಹಾಕಮ್ಮಾ!”

ಸುಬ್ಬಲಕ್ಷ್ಮಿ ಮೂರನೆಯ ಸಲ ಹೇಳಿಸಿಕೊಳ್ಳಲಿಲ್ಲ. ಎಷ್ಟೋ ದಿನದ ಕೋಪವೆಲ್ಲ ಚಟ್ನಿಯ ಮೇಲೆ ಗರ್ಜಿಸಿತು.

ಶಾಮಣ್ಣನವರು ಓಡುತ್ತಲೇ ಇಳಿದು ಬಂದರು. “ಯಾರೇ ಅದು, ಆರ್ಸಿ...” ಎಂದವರು ಬಾಗಿಲಲ್ಲೇ ನಿಂತರು. ಮನೆಯಲ್ಲಿ ಎಲ್ಲವೂ ಓಡುತ್ತಿತ್ತು. ಕಂಪ್ಯೂಟರೂ.

ಮಿಕ್ಸಿ ನಿಂತಿತು. ಕೌಸಲ್ಯಾ ಮಷೀನು ಆರಿಸಿ, ವೈರನ್ನು ಡಿಸ್ಕಿಗೆ ಮತ್ತೆ ಸಿಕ್ಕಿಸಿದಳು. ಮನೆಯ ಉಳಿದದ್ದೆಲ್ಲವನ್ನೂ ಒಂದೊಂದಾಗಿ ಆರಿಸಿ ಬಂದು ಒತ್ತಿದಳು. ನಿಶ್ಶಬ್ದದಲ್ಲಿ ಗುಂಯ್ ಎನ್ನುವುದು ಸ್ಪಷ್ಟವಾಗಿ ಕೇಳಿತು. ಟಿಕ್ ಎನ್ನುವುದೂ.

“ಅಪ್ಪಾ, ಮನೆ ಕರೆಂಟು ಸರಿಯಾಗೇ ಇದೆ. ಆ ಡಬ್ಬಿಗೆ ಆಗ್ತಿಲ್ಲ.” ತನ್ನ ಧ್ವನಿ ಇಷ್ಟು ಜೋರಾಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. “ಕೆಟ್ಟಿದೆ ಅಂತಲ್ಲ. ಮೊದಲಿಂದಲೂ ಅದಕ್ಕೆ ಅಷ್ಟೇ ಶಕ್ತಿ.”

ನೀಲಕಂಠಪ್ಪನವರು ಕೆಮ್ಮಿ, ಸುತ್ತಿದ್ದ ಹಾಳೆಗಳನ್ನು ಬಿಡಿಸಿ ಮೇಜಿನ ಮೇಲಿಟ್ಟರು. “ದಾದರ್‌ದವ್ರಿಗೆ ಬುಧವಾರತನಾ ಏನೂ ಹೇಳಂಗಿಲ್ಲ, ತಂಗಿ. ಅಷ್ಟರಾಗ ಮಷೀನ್ ಎದ್ದರ ಫೋನ್ ಮಾಡು. ಮತ್ತ ನೀನಽ ಮಾಡಬೇಕು.”

ಅವರು ಹೋದ ಮೇಲೂ ಶಾಮಣ್ಣನವರು ಬಹಳ ಹೊತ್ತು ಮಷೀನಿನ ಹಿಂದೆ ಕುಳಿತೇ ಇದ್ದರು. ಗಂಧ ಕೆರೆದ ಜಾಗದ ಮೇಲೆ ಒಮ್ಮೆ ಬೆರಳಾಡಿಸಿದರು. ಆಮೇಲೆ ಸ್ಕ್ರೂಡ್ರೈವರ್ ತಿರುಗುವ ಸದ್ದು ಕೇಳಿಸಿತು. ಕೌಸಲ್ಯಾ ಅತ್ತ ನೋಡಲಿಲ್ಲ. ಸುಬ್ಬಲಕ್ಷ್ಮಿ ಯಾರನ್ನೂ ಕೇಳದೆ ಬಂದು ಫ್ಯಾನ್ ಹಾಕಿ ಹೋದರು.

ಮೇಜಿನ ಮೇಲಿನ ಹಾಳೆಗಳು ಒಮ್ಮೆಲೇ ಎದ್ದವು. ಶಾಮಣ್ಣನವರು ಒಂದು ಕೈಯಿಂದ ಅವನ್ನು ಒತ್ತಿ ಹಿಡಿದರು. ಇನ್ನೊಂದು ಕೈಯಲ್ಲಿದ್ದ, ಮಷೀನಿನಿಂದ ಬಿಚ್ಚಿದ ಭಾರದ ಡಬ್ಬಿಯನ್ನು ಪಂಚೆಗೆ ಒರೆಸಿ, ಮೆಲ್ಲಗೆ ಅವುಗಳ ಮೇಲಿಟ್ಟರು. ಅದರ ಕೆಳಗೆ ಹಾಳೆಗಳ ಅಂಚುಗಳು ಪಟಪಟನೆ ಬಡಿದುಕೊಳ್ಳುತ್ತಿದ್ದವು.