ಸಿಲಿಂಡರಿಗೆ ಕಟ್ಟಿದ ಹಗ್ಗ

ಕಾಲುಚೀಲ ತೂತು ಬಿದ್ದಿದೆ, ಹೆಬ್ಬೆರಳು ಹೊರಗೆ ಇಣುಕುತ್ತಿದೆ, ಇನ್ಶೂರೆನ್ಸ್ ಕಂಪನಿಯಿಂದ ಮನೆ ನೋಡಲು ಬಂದವನಿಗೂ ಇಂಥ ಕಾಲುಚೀಲವೇ, ಪಾಪ ಅನಿಸಿತು ನೀಲಾಬಾಯಿಗೆ, ಪಾಪ ಅಂದರೆ ಕೆಟ್ಟೆ ಅಂತಲೂ ಅನಿಸಿತು, ಅವನು ಗೋಡೆಯ ಬುಡಕ್ಕೆ ಬಗ್ಗಿ ಬಗ್ಗಿ ನೋಡುತ್ತಿದ್ದಾನೆ, ನೋಡಲಿ, ಹೊಸ ಬಣ್ಣ, ಮಗ ಅನಿಲ ರವಿವಾರವಿಡೀ ಕುಕ್ಕರಗಾಲಲ್ಲಿ ಕೂತು ಬಳಿದದ್ದು, ಮಳೆಗಾಲದ ನೀರು ಬಿಟ್ಟುಹೋಗುವ ಕಂದು ಗೆರೆ ಅದರಡಿ ಮುಚ್ಚಿದೆ, ಮಂಚದ ಕಾಲಡಿಯ ಇಟ್ಟಿಗೆ, ಫ್ರಿಜ್ಜಿನಡಿಯ ಇಟ್ಟಿಗೆ ಎಲ್ಲ ಬಿಲ್ಡಿಂಗಿನ ಹಿಂದೆ ಹೋಗಿವೆ, ಮಂಚ ಇಷ್ಟು ಗಿಡ್ಡ ಇತ್ತೇ, ಕೂತೇಳಲು ಮೊಳಕಾಲು ಹಿಡಿಯುತ್ತದೆ — ಅವ್ವಾ, ನೀರಿನ ಮಾತೇ ತೆಗೀಬ್ಯಾಡ, ನೀರು ಬರೋ ಮನಿ ಅಂತ ಹಳೇ ಕಂಪನಿಯವ್ರು ರೇಟ್ ಡಬಲ್ ಮಾಡ್ಯಾರ, ಇವರಿಗೂ ಗೊತ್ತಾದ್ರ ಮುಗೀತು, ಇನ್ಶೂರೆನ್ಸ್ ಇಲ್ಲಂದ್ರ ಮನಿ ಸಾಲ ಕೊಟ್ಟ ಬ್ಯಾಂಕಿನವ್ರು ಸುಮ್ನ ಬಿಡಂಗಿಲ್ಲ, ಎಂದಿದ್ದ ಅನಿಲ, ನೀರು ಬರಂಗಿಲ್ಲ ಅಂತ ಹೇಳಿ ನಾಳೆ ನೀರು ಬಂದ್ರ ರೊಕ್ಕ ಕೊಡ್ರಿ ಅಂತ ಹೆಂಗ ಕೇಳ್ತೀಯಪಾ, ಎಂದು ಅವಳು ಕೇಳಿದಾಗ ಬ್ರಶ್ ಅದ್ದಿ ಬಳಿಯುತ್ತಲೇ ಇದ್ದ, ಗಂಡ ಬಸವಂತರಾಯರನ್ನು ಬೆಳಿಗ್ಗೆಯೇ ಮಾಟುಂಗದ ಗುಡಿಗೆ ಸಾಗಹಾಕಿದ್ದಾಯಿತು, ಅವರ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಬಂದವರಿಗೆಲ್ಲ ಆ ದೊಡ್ಡ ಮಳೆಯ ಕಥೆ ಹೇಳದೆ ಬಿಡುವವರಲ್ಲ, ಸಾಂತಾಕ್ರೂಜ್ ಮುಳುಗಿದ ಆ ಸಂಜೆ, ಮಗಳು ಶೈಲಾ ಎಳೆಗೂಸು, ಅಟ್ಟದ ಮೇಲೆ ತಾನು ಅದನ್ನು ಎದೆಗವಚಿ ಕೂತದ್ದು, ಕರೆಂಟಿಲ್ಲ, ಕೆಳಗೆ ನೀರಲ್ಲಿ ಧಡ್, ಧಡ್, ಯಾರ್ರೀ ಅದು ಎಂದು ಕೂಗಿದ್ದಳು, ಯಾರೂ ಅಲ್ಲ, ಗ್ಯಾಸ್ ಸಿಲಿಂಡರ್, ತೇಲಿ ಬಂದು ಬಾಗಿಲಿಗೆ ಗುದ್ದುತ್ತಿದೆ, ಎಲ್ಲಿ ಒಡೆಯುವುದೋ, ಕೂಸಿನ ಮೂಗಿಗೆ ಸೆರಗು ಹಿಡಿದು ಬೆಳಕು ಹರಿಯುವತನಕ ಗ್ಯಾಸಿನ ವಾಸನೆ ಬಂತೇ, ಬಂತೇ ಎಂದು ಮೂಸುತ್ತ ಕೂತದ್ದು.

ಆಂಟೀ, ಸಿಲಿಂಡರ್ ಕೋ ರಸ್ಸೀ ಸೇ ಕ್ಯೂಂ ಬಾಂಧಾ ಹೈ, ಹಗ್ಗ ಯಾಕೆ ಕಟ್ಟಿದೆ ಎಂದು ಕಂಪನಿಯವನು ಅಡುಗೆಮನೆಯಿಂದ ಕೇಳುತ್ತಿದ್ದಾನೆ. ಹಗ್ಗ. ಕಿಟಕಿಯ ಸರಳಿಗೆ ಎರಡು ಸುತ್ತು, ಒಂದು ಗಂಟು. ಎಲ್ಲ ಮುಚ್ಚಿಟ್ಟವಳಿಗೆ ಇದೊಂದು ಕಾಣಲೇ ಇಲ್ಲ, ಹೇಗೆ ಕಂಡೀತು, ಹೊಸ ಸಿಲಿಂಡರ್ ಬಂದಾಗಲೆಲ್ಲ ಕೈ ತಾನೇ ಕಟ್ಟುತ್ತದೆ, ಜಡೆಯ ತುದಿಗೆ ಗಂಟು ಹಾಕಿದ ಹಾಗೆ, ನಿನ್ನೆ ಬಂದದ್ದಕ್ಕೂ ಕಟ್ಟಿದ್ದಾಳೆ, ಇಟ್ಟಿಗೆ ಸಾಗಿಸಿ ಬಂದ ಕೈಯಿಂದಲೇ — ಕಳ್ಳರ ಕಾಟ ಅನ್ನಲೇ, ಮೊಮ್ಮಗ ಉರುಳಿಸುತ್ತಾನೆ ಅನ್ನಲೇ, ಎಲ್ಲಿಯ ಮೊಮ್ಮಗ, ಈ ಸಾಲ ತೀರಲಿ ಎಂದು ಅನಿಲ ಮದುವೆಯನ್ನೇ ಮುಂದೂಡುತ್ತಿದ್ದಾನೆ, ಒಂದು ಸುಳ್ಳೂ ಹೊಳೆಯದಷ್ಟು ದಣಿವು, ಸಾಕಾಗಿದೆ ಶಿವನೇ — ತೈರ್ತಾ ಹೈ ಬೇಟಾ, ತೇಲುತ್ತದೆ ಅಂತ ಅಂದೇಬಿಟ್ಟಳು, ಅವನು ಹೊಸ ಬಣ್ಣದ ಗೋಡೆ ನೋಡಿದ, ಅವಳ ಮುಖ ನೋಡಿದ, ಮೊಬೈಲ್ ಎತ್ತಿ ಹಗ್ಗಕ್ಕೆ ಹಿಡಿದ, ಅನಿಲನಿಗೆ ಏನು ಹೇಳಲಿ, ಬ್ರಶ್ ಹಿಡಿದು ಬೊಬ್ಬೆ ಬಂದ ಅವನ ಕೈ, ಧಡ್, ಧಡ್, ಕಂಪನಿಯವನು ಫೋಟೊ ತೆಗೆಯುತ್ತಿದ್ದಾನೆ, ಗಂಟು ಯಾಕೋ ಸಡಿಲ ಕಾಣುತ್ತಿದೆ, ಅವಳ ಕೈ ತಾನೇ ಹೋಗಿ ಬಿಗಿಯುತ್ತಿದೆ, ಎರಡು ಸುತ್ತು, ಒಂದು ಗಂಟು