ತಮ್ಮನ ಜರಡಿ

ತಮ್ಮನ ಸನ್ಮಾನಕ್ಕೆ ಅಕ್ಕ ಬಂದದ್ದೇ ಮನಸ್ಸಿಲ್ಲದ ಮನಸ್ಸಿನಿಂದ. ಮುಂದಿನ ಸಾಲಿನಲ್ಲಿ ಮನೆಯವರು ಅಂತ ಒಬ್ಬರಾದರೂ ಕೂತಿರಬೇಡವೇ, ಅದಕ್ಕೆ ಕರೆದಿದ್ದ. ಸಭಾಂಗಣದಲ್ಲಿ ಏಸಿ ಕೊರೆಯುತ್ತಿತ್ತು. ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸಿದ್ದರು, ಕಾಲುಗಳು ಮಾತ್ರ ಹಳೆಯವೇ, ಕೂತರೆ ಅಲುಗಾಡುತ್ತಿದ್ದವು.

ಅವಳಿಗೆ ಬೇರೆಯದೇ ಚಿಂತೆ. ಶಾಲೆ ಮಕ್ಕಳ ವ್ಯಾನ್ ಓಡಿಸುವವಳು ಅವಳು. ಈಚೆಗೆ ಮೂರು ಸಲ ಇದ್ದಕ್ಕಿದ್ದಂತೆ ಕಣ್ಣು ಕತ್ತಲೆ ಬಂದು ಬಿದ್ದಿದ್ದಳು. ಪುಣ್ಯಕ್ಕೆ ಮೂರು ಸಲವೂ ಮನೆಯೊಳಗೇ. ಹೃದಯದ ಡಾಕ್ಟರು ಎದೆಗೊಂದು ಬಡಿತ ದಾಖಲಿಸುವ ಪುಟ್ಟ ಯಂತ್ರ ಅಂಟಿಸಿ ಕಳಿಸಿದ್ದರು. ಮೂರನೇ ಸಲ, ಹೋದ ವಾರ ಬೆಳಗ್ಗೆ, ಬಿದ್ದದ್ದು ಅದು ಎದೆಯ ಮೇಲಿದ್ದಾಗಲೇ. ಆದರೂ ವರದಿ ಬಂತು: ಎಲ್ಲ ಸರಿಯಿದೆ, ಸೋಮವಾರದಿಂದ ವ್ಯಾನ್ ಓಡಿಸಬಹುದು.

"ಬಿದ್ದೋಳು ನಾನು ಕಣೋ," ಅಂದಿದ್ದಳು ತಮ್ಮನ ಹತ್ತಿರ.

"ಅಂಕಿ ಸುಳ್ಳು ಹೇಳಲ್ಲ ಅಕ್ಕ. ವಯಸ್ಸಾಯ್ತಲ್ಲ, ಸ್ವಲ್ಪ ಭಯ ಜಾಸ್ತಿ ನಿಂಗೆ," ಅಂದಿದ್ದ ಅವನು, ಫೋನಿನಿಂದ ಕಣ್ಣೆತ್ತದೆ. ಅಂದರೆ ಸುಳ್ಳು ಹೇಳುವವಳು ಅಕ್ಕ ಅಂತಾಯಿತು.

ಈ ಮಹಾನುಭಾವ ಸಂಖ್ಯಾಶಾಸ್ತ್ರಜ್ಞ. ಅವನ ಹೆಸರು ಹೊತ್ತ ಸಂಶೋಧನಾ ಲೇಖನಗಳು ನಾನೂರರ ಮೇಲಿವೆ. ಮೀನಿನದ್ದು, ಹಾಲಿನದ್ದು, ಮಣ್ಣಿನದ್ದು, ಸಿಮೆಂಟಿನದ್ದು ಕೂಡ. ಮೀನನ್ನು ಇವನು ತಟ್ಟೆಯಲ್ಲಿ ಬಿಟ್ಟು ಬೇರೆಲ್ಲೂ ಕಂಡವನಲ್ಲ. ನಾನೂರರಲ್ಲೂ ಇರುವ ಸರಕು ಒಂದೇ, 'ಜರಡಿ ಸೂತ್ರ'. ಅಳತೆ ಮಾಡುವಾಗ ಗುಂಪಿಗೆ ಸೇರದ ಅಂಕಿ ಬಂದರೆ ಯಂತ್ರದ ತಪ್ಪು ಅಂದುಕೊಂಡು ಎತ್ತಿ ಬಿಸಾಡು, ಉಳಿದದ್ದು ನೀಟಾಗಿ ಕಾಣುತ್ತದೆ. ಇಷ್ಟೇ. ಇಪ್ಪತ್ತು ವರ್ಷದಿಂದ ಊಟಕ್ಕೆ ಕೂತಾಗಲೆಲ್ಲ ಇದನ್ನೇ ಕೇಳಿ ಅಕ್ಕನ ಕಿವಿ ತೂತಾಗಿತ್ತು. ಕಸ ಗುಡಿಸಿ ಮಂಚದ ಕೆಳಗೆ ತಳ್ಳುವ ಸೋಮಾರಿಗೆ ಬೈಗುಳ ಸಿಗುತ್ತದೆ, ಇವನಿಗೆ ಸನ್ಮಾನ.

ಮೊದಲು ಮೀನಿನ ವಿಜ್ಞಾನಿ ಎದ್ದರು. "ಗಣಿತ ನಂಗೆ ಅಷ್ಟಕ್ಕಷ್ಟೆ. ಹಾಲಿನವರು ಈ ಸೂತ್ರ ಬಳಸ್ತಿದ್ರು, ನಾವೂ ಹಿಡ್ಕೊಂಡ್ವಿ." ಹಾಲಿನವರು ಎದ್ದು, ತಾವು ಮಣ್ಣಿನವರನ್ನು ನೋಡಿ ಕಲಿತದ್ದು ಅಂದರು. ಮಣ್ಣಿನವರು ಮೀನಿನವರ ಕಡೆ ಕೈ ತೋರಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ಒಬ್ಬನಾದರೂ ಒಳಗೇನಿದೆ ಅಂತ ಬಗ್ಗಿ ನೋಡಿದವನಲ್ಲ. ತಮ್ಮ ತಲೆ ತಗ್ಗಿಸಿ ವಿನಯ ಸುರಿಸುತ್ತ ಕೂತಿದ್ದ. ಆ ವಿನಯ ಕಂಡರೇ ಅಕ್ಕನಿಗೆ ಮೈಯೆಲ್ಲ ಉರಿ.

ಕೊನೆಗೆ ಎದ್ದವರು ಹೃದಯದ ಡಾಕ್ಟರು, ಅವಳಿಗೆ ಯಂತ್ರ ಅಂಟಿಸಿದವರೇ. "ಮೊದಲು ನಮ್ಮ ಯಂತ್ರ ಸುಮ್ಮಸುಮ್ನೆ ಬಡ್ಕೊಳ್ಳೋದು. ರೋಗಿ ಮಗ್ಗುಲು ಬದಲಿಸಿದ್ರೂ ಹೃದಯ ನಿಂತೇಹೋಯ್ತು ಅನ್ನೋದು. ಎರಡು ವರ್ಷದಿಂದ ಅದರೊಳಗೆ ಸರ್ ಅವರ ಜರಡಿ ಹಾಕಿದ್ದೀವಿ. ಅಂಥ ವಿಚಿತ್ರ ಅಂಕಿಯೆಲ್ಲ ತಾನಾಗೇ ಹೊರಗೆ. ಈಗ ತಲೆನೋವೇ ಇಲ್ಲ."

ಚಪ್ಪಾಳೆ ಬಿತ್ತು. ಅಕ್ಕನ ಕೈ ಮೇಲೇಳಲಿಲ್ಲ. ತಾನು ಬಿದ್ದ ಆ ಬೆಳಗು ಎಲ್ಲಿ ಹೋಯಿತು ಅಂತ ಅವಳಿಗೆ ಆಗಲೇ ಗೊತ್ತಾಗಿಹೋಗಿತ್ತು.

ಚಹಾದ ಹೊತ್ತಿಗೆ ತಮ್ಮನನ್ನೂ ಡಾಕ್ಟರನ್ನೂ ಮೂಲೆಯಲ್ಲಿ ಹಿಡಿದಳು. "ಡಾಕ್ಟ್ರೇ, ಹೊರಗೆ ಹಾಕಿದ್ದನ್ನ ಯಾರು ನೋಡ್ತಾರೆ?"

ಡಾಕ್ಟರು ತಮ್ಮನ ಮುಖ ನೋಡಿದರು. ತಮ್ಮ ನಕ್ಕ. "ಅದು ಕಸ ಅಕ್ಕ. ಕಸ ಯಾರು ನೋಡ್ತಾರೆ?"

"ನನ್ನ ಕಸ ನಂಗೆ ಬೇಕು. ಈಗಲೇ ತೋರಿಸಿ."

ಗೊಣಗಿಕೊಂಡೇ ಡಾಕ್ಟರು ಲ್ಯಾಪ್‌ಟಾಪ್ ತೆಗೆದು, ಜರಡಿ ಆಫ್ ಮಾಡಿ, ಅವಳು ಹೇಳಿದ ಬೆಳಗನ್ನು ತೆರೆದರು. ಏರಿಳಿಯುತ್ತಿದ್ದ ಗೆರೆ ಒಂದು ಕಡೆ ಚಪ್ಪಟೆಯಾಗಿ ಮಲಗಿತ್ತು. ಡಾಕ್ಟರ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೆ ಬಿತ್ತು.

"ಅಮ್ಮಾ, ಇಲ್ಲಿ ನಿಮ್ಮ ಹೃದಯ ಸ್ವಲ್ಪ ಹೊತ್ತು ನಿಂತುಬಿಟ್ಟಿದೆ. ವ್ಯಾನ್ ಮುಟ್ಟಲೇಬೇಡಿ. ಇವತ್ತೇ ಅಡ್ಮಿಟ್ ಆಗಿ."

ತಮ್ಮ ಕನ್ನಡಕ ಒರೆಸಿಕೊಂಡ. "ಇದು ಬಹಳ ಅಪರೂಪ ಅಕ್ಕ. ಲಕ್ಷಕ್ಕೊಂದು."

"ಲಕ್ಷಕ್ಕೊಂದಾ? ಎಣಿಸಿದ್ಯಾ?"

ಅವಳು ಡಾಕ್ಟರ ಕಡೆ ತಿರುಗಿದಳು. "ಈ ಎರಡು ವರ್ಷದಲ್ಲಿ ಇನ್ನೂ ಎಷ್ಟು ಜನಕ್ಕೆ ಹೀಗಾಗಿದೆ?"

"ಗೊತ್ತಾಗಲ್ಲ ಅಮ್ಮ. ಹೊರಗೆ ಹಾಕಿದ್ದನ್ನ ಯಂತ್ರ ತಿಂಗಳಿಗೊಮ್ಮೆ ಅಳಿಸಿಬಿಡುತ್ತೆ."

"ಅಳಿಸಿ ಅಂದೋರು ಯಾರು?"

ಡಾಕ್ಟರು ಮತ್ತೆ ತಮ್ಮನನ್ನೇ ನೋಡಿದರು. "ಮೆಮೊರಿಯಲ್ಲಿ ಜಾಗ ಉಳಿಯುತ್ತೆ ಅಂತ ನಾನೇ..." ಅಂದ ತಮ್ಮ ಅತ್ತಿತ್ತ ನೋಡಿದ. "ಅಕ್ಕ, ಮೆಲ್ಲಗೆ ಮಾತಾಡು. ಸಭೆಯ ಅಧ್ಯಕ್ಷರು ಇಲ್ಲೇ ಇದ್ದಾರೆ. ಮನೆಗೆ ಹೋಗಿ ಮಾತಾಡೋಣ."

ಆ ಒಂದು ಮಾತಿಗೆ ಅವಳಲ್ಲಿ ಉಳಿದಿದ್ದ ಚೂರುಪಾರು ಅಕ್ಕರೆಯೂ ಸತ್ತಿತು. ಹೃದಯ ನಿಂತಿದ್ದ ಅಕ್ಕ ಎದುರಿಗಿದ್ದಾಳೆ, ಇವನಿಗೆ ಅಧ್ಯಕ್ಷರ ಚಿಂತೆ. ಥೂ, ಇವನ ಯೋಗ್ಯತೆಗಿಷ್ಟು ಅಂದುಕೊಂಡು ಸೀದಾ ವೇದಿಕೆ ಹತ್ತಿದಳು. ಮೈಕು ಇನ್ನೂ ಆನ್ ಇತ್ತು.

"ನಾನು ಇವನ ಅಕ್ಕ," ಅಂದಳು. "ಇವನ ಜರಡಿ ನಂಬಿ ಡಾಕ್ಟ್ರು ನಂಗೆ ಏನೂ ಇಲ್ಲ ಅಂದಿದ್ರು. ಜರಡಿ ತೆಗೆದು ನೋಡಿದ್ರೆ ನನ್ನ ಹೃದಯ ನಿಂತಿತ್ತು. ಹೀಗೇ ಎಲ್ಲ ಸರಿಯಿದೆ ಅನ್ನಿಸ್ಕೊಂಡು ಮನೆಗೆ ಹೋದೋರಲ್ಲಿ ಎಷ್ಟು ಜನ ಸತ್ರು ಅಂತ ಇವನನ್ನ ಕೇಳಿ. ಲೆಕ್ಕದಲ್ಲಿ ಬಲು ಗಟ್ಟಿಗ."

ಮೀನಿನವರು, ಹಾಲಿನವರು, ಮಣ್ಣಿನವರು, ಎಲ್ಲರೂ ಚಹಾದ ಕಪ್ಪು ಹಿಡಿದುಕೊಂಡೇ ಅವನ ಕಡೆ ತಿರುಗಿದರು. ಸನ್ಮಾನದ ಫಲಕ ಕಂಕುಳಲ್ಲಿಟ್ಟುಕೊಂಡು ನಿಂತಿದ್ದ ತಮ್ಮ ಬಾಯಿ ತೆರೆದ. ಒಂದು ಅಂಕಿಯೂ ಹೊರಗೆ ಬರಲಿಲ್ಲ.